ವೈಫೈ ಕೆಟ್ಟಿದೆಯೋ, ತಡೆ ಬಿದ್ದಿದೆಯೋ?

ಹನೂರಿನಿಂದ ಮಹದೇಶ್ವರ ಬೆಟ್ಟದ ಕಡೆಗೆ, ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟದ ಕಡೆಗೆ ಹೋದಂತೆಲ್ಲ ಕಾಡು ದಟ್ಟವಾಗುತ್ತದೆ, ಮೊಬೈಲ್ ಸಿಗ್ನಲ್ ಕ್ಷೀಣಿಸುತ್ತದೆ. ಹಾಗಾಗಿ ಈ ಕಡೆ ಲ್ಯಾಪ್‌ಟಾಪಿನಲ್ಲಿ ವೈಫೈ ಕಾಣದಿದ್ದರೆ ತಪ್ಪನ್ನು ಮೊದಲು ನೆಟ್‌ವರ್ಕಿನ ತಲೆಗೆ ಕಟ್ಟುತ್ತೇವೆ. ಆಮೇಲೆ ಕೊಳ್ಳೇಗಾಲಕ್ಕೆ ರಿಪೇರಿಗೆ ಒಯ್ಯುತ್ತೇವೆ. ಕೆಲವೊಮ್ಮೆ ಏನೂ ಕೆಟ್ಟಿರುವುದಿಲ್ಲ. ಒಳಗಿನ ರೇಡಿಯೊಗೆ ತಡೆ ಬಿದ್ದಿರುತ್ತದೆ, ಅಷ್ಟೆ.

ವೈಫೈ, ಬ್ಲೂಟೂತ್, ಸಿಮ್ ಹಾಕುವ ಮೋಡೆಮ್ ಎಲ್ಲವೂ ರೇಡಿಯೊಗಳೇ. ವಿಮಾನದಲ್ಲಿ ಕೆಲವೊಮ್ಮೆ ಅವನ್ನು ಆರಿಸಬೇಕಾಗುತ್ತದೆ, ಬ್ಯಾಟರಿ ಉಳಿಸಲೂ ಆರಿಸುತ್ತೇವೆ. ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಈ ಕೆಲಸ ಆರ್‌ಎಫ್‌ಕಿಲ್ ಎಂಬ ಭಾಗದ್ದು. 2007ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನೆಲ್‌ಗೆ ಸೇರಿದ ಅದನ್ನು 2009ರಲ್ಲಿ ಯೋಹಾನೆಸ್ ಬೆರ್ಗ್ ಹೊಸದಾಗಿ ಬರೆದರು. ನಮ್ಮ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರು ಟಾಲ್ಪ್ ಎಂಬ ಕಂಪ್ಯೂಟರ್ ತರಬೇತಿಯಲ್ಲಿ ಕಲಿತ ಉಬುಂಟು ಎಂಬ ಲಿನಕ್ಸ್‌ನೊಳಗೂ ಇರುವುದು ಇದೇ.

ಪ್ರತಿ ರೇಡಿಯೊಗೂ ಇದು ಎರಡು ತಡೆಗಳ ಲೆಕ್ಕ ಇಡುತ್ತದೆ. ಏರ್‌ಪ್ಲೇನ್ ಮೋಡ್ ಒತ್ತಿದಾಗ ಬೀಳುವುದು ಸಾಫ್ಟ್ ಬ್ಲಾಕ್. ತಂತ್ರಾಂಶ ಹಾಕಿದ್ದನ್ನು ತಂತ್ರಾಂಶವೇ ತೆಗೆಯಬಲ್ಲದು. ಹಾರ್ಡ್ ಬ್ಲಾಕ್ ಹಾಗಲ್ಲ. ಅದು ಹಳೆಯ ಲ್ಯಾಪ್‌ಟಾಪುಗಳ ಅಂಚಿನಲ್ಲಿರುವ ಪುಟ್ಟ ಸ್ವಿಚ್ಚಿನದು. ವೈಫೈ ಇರುವ ಮಿನಿ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡಿನ 20ನೇ ಪಿನ್ ಇದಕ್ಕೆಂದೇ ಮೀಸಲು; ಅಲ್ಲಿ ವೋಲ್ಟೇಜ್ ಇಳಿದರೆ ಕಾರ್ಡು ಪ್ರಸಾರ ನಿಲ್ಲಿಸುತ್ತದೆ. ಕರ್ನೆಲ್ ಆ ಸ್ಥಿತಿಯನ್ನು ಓದಬಹುದೇ ಹೊರತು ಬದಲಿಸಲಾರದು. ಮೇನ್ ಸ್ವಿಚ್ ಆರಿಸಿದ ಮನೆಯಲ್ಲಿ ಕೋಣೆಯ ಸ್ವಿಚ್ ಎಷ್ಟು ಒತ್ತಿದರೂ ದೀಪ ಹೊತ್ತುವುದಿಲ್ಲವಲ್ಲ, ಹಾಗೆ. ಈ ಏರ್ಪಾಡು ನನಗೆ ಬಹಳ ಸರಿ ಅನ್ನಿಸುತ್ತದೆ: ಮನುಷ್ಯ ಕೈಯಾರೆ ಆರಿಸಿದ ರೇಡಿಯೊವನ್ನು ಒಳಗೆ ನುಸುಳಿದ ಯಾವ ಪ್ರೋಗ್ರಾಮೂ ಗುಟ್ಟಾಗಿ ಹೊತ್ತಿಸಬಾರದು.

ಗೊಂದಲವಾಗುವುದು ಆರ್‌ಎಫ್‌ಕಿಲ್ ತೋರಿಸುವ ರೇಡಿಯೊಗಳ ಪಟ್ಟಿ ನೋಡಿದಾಗ. ಒಂದೇ ವೈಫೈ ಎರಡು ಸಲ ಕಾಣಿಸಬಹುದು: ಒಂದು ಲ್ಯಾಪ್‌ಟಾಪ್ ತಯಾರಕರ ಡ್ರೈವರ್ ಸೇರಿಸಿದ್ದು, ಇನ್ನೊಂದು ಕಾರ್ಡಿನ ಡ್ರೈವರ್ ಸೇರಿಸಿದ್ದು. ಎರಡೂ ಕಡೆ ತಡೆ ತೆರವಾಗಬೇಕು. ಲ್ಯಾಪ್‌ಟಾಪನ್ನು ಆರಿಸಿ ಹೊತ್ತಿಸಿದರೆ ಸರಿಹೋದೀತು ಅನ್ನುವಂತೆಯೂ ಇಲ್ಲ. ಲಿನಕ್ಸ್‌ನ ಸಿಸ್ಟಮ್‌ಡಿ ಎಂಬ ತಂತ್ರಾಂಶವು ಸಾಫ್ಟ್ ಬ್ಲಾಕ್ ಇದ್ದುದನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಂಡು, ಯಂತ್ರ ಮತ್ತೆ ಎದ್ದಾಗ ಹಾಗೆಯೇ ಹಾಕುತ್ತದೆ. ಹಾರ್ಡ್ ಬ್ಲಾಕ್ ಇದ್ದರಂತೂ ಇಡೀ ಉಬುಂಟುವನ್ನು ಹೊಸದಾಗಿ ಹಾಕಿದರೂ ಪ್ರಯೋಜನವಿಲ್ಲ.

ಆದ್ದರಿಂದ ಶಾಲೆಯ ಲ್ಯಾಪ್‌ಟಾಪಿಗೆ ಹೊಸ ಕಾರ್ಡು ಕೊಳ್ಳುವ ಮೊದಲು ದಯವಿಟ್ಟು ಟರ್ಮಿನಲ್ ತೆರೆದು ‘ಆರ್‌ಎಫ್‌ಕಿಲ್ ಲಿಸ್ಟ್’ ಎಂದು ಇಂಗ್ಲಿಷಿನಲ್ಲಿ ಟೈಪಿಸಿ. ಸಾಫ್ಟ್ ಎದುರು ‘ಯೆಸ್’ ಇದ್ದರೆ ‘ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ’ ಎಂಬ ಆದೇಶ ಸಾಕು. ಹಾರ್ಡ್ ಎದುರು ಇದ್ದರೆ ಲ್ಯಾಪ್‌ಟಾಪಿನ ಸುತ್ತ ಸ್ವಿಚ್ ಹುಡುಕಿ. ಎರಡರ ಎದುರೂ ‘ನೋ’ ಇದ್ದು ವೈಫೈ ಬಾರದಿದ್ದರೆ ಆಗ ರಿಪೇರಿಗೆ ಕೊಡಿ.