ಬಡ್ತಿಯ ತಕ್ಕಡಿ

ಕಾರ್ತಿಕಮಾಸವು ಕಳೆಯುತ್ತಿದ್ದಂತೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಗುಡ್ಡಗಳಲ್ಲಿ ಕಾಫಿಯ ಹಣ್ಣು ಕೆಂಪೇರುವುದು. ಮೊದಲು ಅರೇಬಿಕಾ, ಅನಂತರ ರೋಬಸ್ಟಾ. ಹೀಗೆ ತಿಂಗಳುಗಟ್ಟಲೆ ಕುಯ್ಲು ಸಾಗುವುದು. ಸಂಜೆಯಾಗಲು ಆಳುಗಳು ತಮ್ಮ ತಮ್ಮ ಚೀಲಗಳನ್ನು ಹೊತ್ತು ತಂದು ತೂಕದ ಸ್ಥಳದಲ್ಲಿ ನಿಲ್ಲುವರು. ರೈಟರು ತೂಕವನ್ನು ಗಟ್ಟಿಯಾಗಿ ಹೇಳಿ ಪುಸ್ತಕದಲ್ಲಿ ಬರೆಯುವನು. ಎಲ್ಲರ ಕಣ್ಣೂ ತಕ್ಕಡಿಯ ಮೇಲೆಯೇ. ಒಂದು ಕಿಲೋ ಹೆಚ್ಚುಕಡಮೆಯಾದರೂ ಅಲ್ಲಿಯೇ ಕೇಳಬಹುದು. ಹಣ್ಣಿಗೆ ಹೀಗೆ ಎಲ್ಲರೆದುರಿಗೆ ತಕ್ಕಡಿಯುಂಟು. ಹಣ್ಣನ್ನು ಕುಯ್ದವಳ ಯೋಗ್ಯತೆಯನ್ನು ತೂಗುವ ತಕ್ಕಡಿ ಎಲ್ಲಿದೆ? ವಾಚಕರ ಮುಂದಿಡಬೇಕೆಂದಿರುವ ಪ್ರಶ್ನೆ ಇದು.

ತೋಟದ ಉದ್ಯೋಗದಲ್ಲಿ ಮೆಟ್ಟಲುಗಳು ಬಹಳವಿಲ್ಲ. ಆಳು, ಮೇಸ್ತ್ರಿ, ರೈಟರು, ಮೇನೇಜರು, ಮುಖ್ಯವಾದವು ಇಷ್ಟೇ. ಮೆಟ್ಟಲುಗಳು ಕಡಮೆಯಾದಷ್ಟೂ ಒಂದು ಮೆಟ್ಟಲನ್ನು ತಪ್ಪಿಸಿಕೊಂಡವರಿಗೆ ಆಗುವ ನಷ್ಟವು ಹೆಚ್ಚು. ಆಳಾಗಿದ್ದವರು ಮೇಸ್ತ್ರಿಯಾದರೆ ಸಂಬಳದಲ್ಲಿ ವ್ಯತ್ಯಾಸವಾಗುವುದು, ಬೆನ್ನಿಗೆ ವಿಶ್ರಾಂತಿ ದೊರೆಯುವುದು, ಲೈನಿನಲ್ಲಿ ಗೌರವವು ಹೆಚ್ಚುವುದು, ಮಕ್ಕಳ ವಿದ್ಯಾಭ್ಯಾಸಕ್ಕೆ ನಾಲ್ಕು ಕಾಸು ಉಳಿಯುವುದು. ಹಾಗಿದ್ದರೂ ಕುಯ್ಲಿನ ಕಾಲದಲ್ಲಿ ತೋಟವನ್ನು ಹೊಕ್ಕು ನೋಡಿದವರಿಗೆ ತಿಳಿದ ಸಂಗತಿಯೇನೆಂದರೆ, ಬಗ್ಗಿ ಕುಯ್ಯುವವರಲ್ಲಿ ಹೆಂಗಸರೇ ಹೆಚ್ಚು. ಅವರ ಮೇಲೆ ಮೇಸ್ತ್ರಿಯಾಗಿ ನಿಂತವನು ಸಾಮಾನ್ಯವಾಗಿ ಗಂಡಸು.

ಇದಕ್ಕೆ ಹಳೆಯ ಕಾರಣವೊಂದುಂಟು. ಹಿಂದಿನ ಕಾಲದಲ್ಲಿ ಮೇಸ್ತ್ರಿಯೆಂದರೆ ಮುಂಗಡ ಹಣವನ್ನು ಪಡೆದು, ಘಟ್ಟದ ಕೆಳಗಿನಿಂದ ಆಳುಗಳ ತಂಡವನ್ನು ಕಟ್ಟಿಕೊಂಡು ಬರುವವನು. ಜನರನ್ನು ತರುವ ಶಕ್ತಿಯೇ ಅವನ ಯೋಗ್ಯತೆಯಾಗಿದ್ದಿತು. ಕೆಲಸದ ನೈಪುಣ್ಯವು ಅನಂತರದ ಮಾತು. ಕಾಲವು ಬದಲಾದರೂ ರೂಢಿಯು ಉಳಿದುಕೊಂಡಿತು. ಯಾವ ಗಿಡಕ್ಕೆ ಕಾಂಡಕೊರಕ ಹತ್ತಿದೆ, ಯಾವ ಕೊಂಬೆಯಲ್ಲಿ ಕಾಯಿ ಇನ್ನೂ ಹಸಿರಾಗಿದೆ ಎಂಬುದನ್ನು ಇಪ್ಪತ್ತು ವರ್ಷ ದುಡಿದ ಹೆಂಗಸು ಕಣ್ಣೋಟದಿಂದಲೇ ಹೇಳಬಲ್ಲಳು. ಆದರೆ ಮೇಸ್ತ್ರಿಯ ಸ್ಥಾನವು ತೆರವಾದಾಗ ಅವಳ ಹೆಸರು ಯಾರ ಬಾಯಿಗೂ ಬರುವುದಿಲ್ಲ. ಕೈ ಕೆಸರಾದರೆ ಬಾಯಿ ಮೊಸರೆಂಬುದು ಗಾದೆ. ಇಲ್ಲಿ ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ.

ಇಂತಹ ಅನ್ಯಾಯವು ತೋಟದ ಆಳಿಗೆ ಮಾತ್ರವೇ ಆದುದಲ್ಲ. ಕಾಫಿಯ ನಾಡೇ ಆದ ಕೊಡಗಿನ ವಿರಾಜಪೇಟೆಯಲ್ಲಿ 1924ರಲ್ಲಿ ಜನಿಸಿದ ಸಿ. ಬಿ. ಮುತ್ತಮ್ಮನವರು 1949ರಲ್ಲಿ ಭಾರತದ ವಿದೇಶಾಂಗ ಸೇವೆಯನ್ನು ಸೇರಿದ ಪ್ರಥಮ ಮಹಿಳೆ. ವಿವಾಹವಾದರೆ ರಾಜೀನಾಮೆ ಕೊಡುವುದಾಗಿ ಸೇರುವಾಗಲೇ ಅವರಿಂದ ಬರೆಯಿಸಿಕೊಳ್ಳಲಾಗಿದ್ದಿತು. 1970ರಲ್ಲಿ ಹಂಗೇರಿಗೆ ರಾಯಭಾರಿಯಾದ ಮೇಲೆಯೂ, ಯೋಗ್ಯತೆ ಸಾಲದೆಂಬ ನೆವದಿಂದ ಅವರಿಗೆ ಮೊದಲನೆಯ ದರ್ಜೆಯ ಬಡ್ತಿಯು ತಪ್ಪಿತು. ಅವರು ಸುಮ್ಮನಿರದೆ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ವಿಚಾರಣೆಯು ನಡೆಯುತ್ತಿರುವಾಗಲೇ ಸರ್ಕಾರವು ಬಡ್ತಿಯನ್ನು ಕೊಟ್ಟಿತು. ಆದಕಾರಣ 1979ರಲ್ಲಿ ಅರ್ಜಿಯು ವಜಾ ಆಯಿತಾದರೂ, ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಮುತ್ತಮ್ಮನವರ ಹಿರಿತನವನ್ನು ಪುನಃ ಪರಿಶೀಲಿಸಬೇಕೆಂದೂ, ಹೆಣ್ಣೆಂಬ ಕಾರಣಕ್ಕೆ ತಾರತಮ್ಯವೆಸಗುವ ನಿಯಮಗಳನ್ನೆಲ್ಲ ತೊಡೆದುಹಾಕಬೇಕೆಂದೂ ತಿಳಿಸಿದರು.

ರಾಯಭಾರಿಯ ಪದವಿ ಎಲ್ಲಿ, ಮೂಡಿಗೆರೆಯ ತೋಟವೆಲ್ಲಿ ಎಂದು ತಾವು ಕೇಳಬಹುದು. ಸರ್ಕಾರಿ ನೌಕರರಿಗೆ ಸಂವಿಧಾನದ 16ನೆಯ ವಿಧಿಯೇ ಆಸರೆ. ಖಾಸಗಿ ತೋಟದವರಿಗೆ ಕಾರ್ಮಿಕ ಕಾನೂನು ಆಸರೆ. 1976ರ ಸಮಾನ ವೇತನ ಕಾಯಿದೆಗೆ 1987ರಲ್ಲಿ ತಿದ್ದುಪಡಿಯಾಗಿ, ಬಡ್ತಿ, ತರಬೇತಿ, ವರ್ಗಾವಣೆಗಳಲ್ಲಿಯೂ ಹೆಂಗಸರಿಗೆ ಭೇದ ಮಾಡಕೂಡದೆಂದು ಸ್ಪಷ್ಟವಾಗಿ ಸೇರಿಸಲ್ಪಟ್ಟಿತು. 2025ರ ನವೆಂಬರ್ 21ರಿಂದ ಹಳೆಯ ಕಾಯಿದೆಗಳ ಬದಲಿಗೆ ನಾಲ್ಕು ಹೊಸ ಸಂಹಿತೆಗಳು ಜಾರಿಗೆ ಬಂದಿವೆ. ವೇತನ ಸಂಹಿತೆಯು ಕೂಲಿಯಲ್ಲಿಯೂ ನೇಮಕದಲ್ಲಿಯೂ ಲಿಂಗಭೇದವನ್ನು ನಿಷೇಧಿಸುವುದು. ಆದರೆ ಬಡ್ತಿಯೆಂಬ ಮಾತು ಅದರಲ್ಲಿ ಹಿಂದಿನಂತೆ ಬಿಡಿಸಿ ಹೇಳಲ್ಪಟ್ಟಿಲ್ಲ. ಇದನ್ನು ಗಮನಿಸಬೇಕು. ಕೈಗಾರಿಕಾ ಸಂಬಂಧಗಳ ಸಂಹಿತೆಯು ಮಾತ್ರ ಹಳೆಯ ಕಾಯಿದೆಯಂತೆಯೇ, ಸಂಘದಲ್ಲಿ ದುಡಿದನೆಂಬ ಕಾರಣಕ್ಕೆ ಬಡ್ತಿಯನ್ನು ನಿರಾಕರಿಸುವುದು, ಒಡಕನ್ನು ಹುಟ್ಟಿಸಲು ಅನರ್ಹರಿಗೆ ಬಡ್ತಿಯನ್ನು ಕೊಡುವುದು, ಯೋಗ್ಯತೆಯನ್ನು ನೋಡದೆ ಪಕ್ಷಪಾತ ಮಾಡುವುದು, ಖಾಯಂ ಹಕ್ಕನ್ನು ತಪ್ಪಿಸಲು ವರ್ಷಗಟ್ಟಲೆ ಹಂಗಾಮಿಯಾಗಿಯೇ ಇರಿಸುವುದು, ಇವೆಲ್ಲವನ್ನೂ ಅನುಚಿತ ವರ್ತನೆಯೆಂದು ಎಣಿಸುವುದು.

ಆದರೂ ಕಾನೂನಿಗೆ ಮೇರೆಯುಂಟು. ಯಾರನ್ನು ಮೇಲೇರಿಸಬೇಕೆಂಬುದು ಸಾಮಾನ್ಯವಾಗಿ ಯಜಮಾನನ ವಿವೇಚನೆಗೆ ಸೇರಿದ್ದು. ಬಡ್ತಿಯ ತಕರಾರನ್ನು ಒಬ್ಬ ಆಳು ಒಂಟಿಯಾಗಿ ಕೈಗಾರಿಕಾ ವಿವಾದವನ್ನಾಗಿ ಎತ್ತಲಾಗದು; ಒಂಟಿಯಾಗಿ ಹೋಗುವ ಆ ದಾರಿಯು ಕೆಲಸದಿಂದ ತೆಗೆದುಹಾಕಲ್ಪಟ್ಟವರಿಗೆ ಮಾತ್ರ. ಬಡ್ತಿಯ ವಿಷಯದಲ್ಲಿ ಸಂಘದ ಬೆಂಬಲವು ಬೇಕು. ಕಾನೂನಿನ ಕೈ ಇಷ್ಟು ಗಿಡ್ಡವಾಗಿರುವಲ್ಲಿ ಯಜಮಾನನ ಮನಸ್ಸಾಕ್ಷಿಯೇ ಉದ್ದವಾಗಬೇಕು.

ತೋಟವುಳ್ಳ ಗೃಹಸ್ಥರು ಇದಕ್ಕಾಗಿ ದೊಡ್ಡ ವೆಚ್ಚವನ್ನೇನೂ ಮಾಡಬೇಕಾಗಿಲ್ಲ. ಮೇಸ್ತ್ರಿಯ ಸ್ಥಾನವು ತೆರವಾದೊಡನೆ ಅದನ್ನು ಗಂಡಸರಿಗೂ ಹೆಂಗಸರಿಗೂ ಮಸ್ಟರಿನ ವೇಳೆಯಲ್ಲಿಯೇ ತಿಳಿಸಲಿ. ಎಷ್ಟು ವರ್ಷದ ಸೇವೆ, ಯಾವ ಕೆಲಸದ ಅರಿವು, ಎಷ್ಟು ಲೆಕ್ಕ ಬರಹ ಬೇಕೆಂಬುದನ್ನು ಮೊದಲೇ ಬರೆದು ಹಾಕಲಿ. ಬರಹ ಬಾರದವಳಿಗೆ ಮಳೆಗಾಲದ ಬಿಡುವಿನಲ್ಲಿ ಹಾಜರಿ ಬರೆಯುವುದನ್ನು ಕಲಿಸಲಿ. ಮಗುವಿರುವ ತಾಯಿ ಮೇಲ್ವಿಚಾರಣೆ ನಡೆಸಲಾರಳೆಂಬ ಆಕ್ಷೇಪಣೆಗೆ 1951ರ ತೋಟ ಕಾರ್ಮಿಕರ ಕಾಯಿದೆಯೇ ಶಿಶುಗೃಹವನ್ನು ವಿಧಿಸಿ ಉತ್ತರ ಕೊಟ್ಟಿದ್ದಿತು. ಗಂಡಸರು ಹೆಂಗಸಿನ ಮಾತನ್ನು ಕೇಳುವರೇ ಎಂಬ ಸಂದೇಹವಿದ್ದರೆ, ಒಂದು ಕುಯ್ಲಿನ ಕಾಲ ಪರೀಕ್ಷಿಸಿ ನೋಡಲಿ. ಕಡೆಯದಾಗಿ, ಬಡ್ತಿ ದೊರೆಯದವರಿಗೆ ಏಕೆ ದೊರೆಯಲಿಲ್ಲವೆಂಬುದನ್ನು ಮುಖಾಮುಖಿಯಾಗಿ ಹೇಳಲಿ. ಕಾರಣವನ್ನು ಬಲ್ಲವರು ಮುಂದಿನ ಬಾರಿಗೆ ಸಿದ್ಧರಾಗುವರು. ಕಾರಣವನ್ನರಿಯದವರು ಮನಸ್ಸು ಮುರಿದುಕೊಳ್ಳುವರು.

ಬಡ್ತಿಯೆಂಬುದು ಹಬ್ಬದ ದಿನ ಕೊಡುವ ಇನಾಮಲ್ಲ, ದುಡಿಮೆಯ ತೂಕಕ್ಕೆ ಸಲ್ಲುವ ಬೆಲೆ. ಹಣ್ಣನ್ನು ಎಲ್ಲರೆದುರಿಗೆ ತೂಗುವ ಯಜಮಾನನು ಯೋಗ್ಯತೆಯನ್ನೂ ಎಲ್ಲರೆದುರಿಗೆ ತೂಗಲಿ. ಸಂಜೆಯ ಸಾಲಿನಲ್ಲಿ ನಿಂತವಳು ಕೇಳುವುದು ಅಷ್ಟನ್ನೇ.