ತೂಕ ಇಳಿಸುವ ಶಸ್ತ್ರಚಿಕಿತ್ಸೆ: ಮುನ್ನ ಅರಿಯಬೇಕಾದುದು, ನಂತರ ಪಾಲಿಸಬೇಕಾದುದು

ತೂಕ ಇಳಿಸಲು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬಹುದೇ ಎಂದು ನಗರವಾಸಿಗಳಷ್ಟೇ ಅಲ್ಲದೆ ಹಳ್ಳಿಗಳ ಸದ್ಭಕ್ತರೂ ಈಗ ವಿಚಾರಿಸುತ್ತಾರೆ. ಆಯುರ್ವೇದ ವೈದ್ಯನಾದ ನನ್ನಿಂದ ‘ಬೇಡ’ ಎಂಬ ಉತ್ತರವನ್ನೇ ನಿರೀಕ್ಷಿಸಿ ಬರುವವರೂ ಉಂಟು. ಇದನ್ನು ವೈದ್ಯಪದ್ಧತಿಯ ಅಭಿಮಾನದಿಂದ ನಿರ್ಧರಿಸಲಾಗದು. ರೋಗಿಯ ದೇಹಸ್ಥಿತಿಯನ್ನು ನೋಡಿಯೇ ನಿರ್ಧರಿಸಬೇಕು. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ಅತಿಸ್ಥೂಲತೆಯನ್ನು ಎಂಟು ನಿಂದಿತ ದೇಹಸ್ಥಿತಿಗಳಲ್ಲಿ ಒಂದಾಗಿ ಎಣಿಸಿ, ಅತಿಕೃಶತೆಗಿಂತ ಅದರ ಚಿಕಿತ್ಸೆಯೇ ಕಷ್ಟವೆಂದು ಎಚ್ಚರಿಸಿದೆ. ನಿಂದನೆ ಆ ಸ್ಥಿತಿಗೆ ಸಲ್ಲುವುದೇ ಹೊರತು ವ್ಯಕ್ತಿಗಲ್ಲ. ಅನುವಂಶೀಯತೆ, ಹಾರ್ಮೋನು, ಕೆಲವು ಔಷಧಗಳು, ಜೀವನಕ್ರಮ ಎಲ್ಲವೂ ಕೂಡಿ ಉಂಟಾಗುವ ಈ ರೋಗವನ್ನು ಸೋಮಾರಿತನವೆಂದು ಹೀಯಾಳಿಸುವುದು ತಿಳಿಗೇಡಿತನ.

ಪಥ್ಯ, ವ್ಯಾಯಾಮ, ಔಷಧಗಳನ್ನು ಶ್ರದ್ಧೆಯಿಂದ ಅನುಸರಿಸಿಯೂ ಫಲ ಕಾಣದವರಿಗೆ ಶಸ್ತ್ರಚಿಕಿತ್ಸೆ ಯೋಗ್ಯವಾದ ಮಾರ್ಗವೇ. ಆದರೆ ಅದು ಕೆಲವು ಗಂಟೆಗಳಲ್ಲಿ ಮುಗಿಯುವ ಕಾರ್ಯವಲ್ಲ. ಮುಂಚಿನ ಕೆಲವು ವಾರಗಳು ಮತ್ತು ನಂತರದ ಇಡೀ ಆಯುಷ್ಯ ಸೇರಿದ ಒಂದು ವ್ರತ ಅದು.

ಯಾರಿಗೆ? ಯಾವ ವಿಧಾನ?

ದೇಹದ ತೂಕವನ್ನು (ಕಿ.ಗ್ರಾಂ) ಎತ್ತರದ (ಮೀಟರ್) ವರ್ಗದಿಂದ ಭಾಗಿಸಿದಾಗ ದೊರೆಯುವ ಸಂಖ್ಯೆಯೇ ಬಿ.ಎಂ.ಐ. ಉದಾಹರಣೆಗೆ, 1.60 ಮೀಟರ್ ಎತ್ತರದವರು 96 ಕಿ.ಗ್ರಾಂ ತೂಗಿದರೆ ಅವರ ಬಿ.ಎಂ.ಐ. 37.5. ಭಾರತೀಯರಲ್ಲಿ ಇದು 37.5 ಅಥವಾ ಹೆಚ್ಚಿದ್ದರೆ, ಇಲ್ಲವೇ ಮಧುಮೇಹ, ರಕ್ತದೊತ್ತಡ, ನಿದ್ರೆಯಲ್ಲಿ ಉಸಿರು ಕಟ್ಟುವಿಕೆಯಂತಹ ರೋಗಗಳೊಡನೆ 32.5 ದಾಟಿದ್ದರೆ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸುವುದು ರೂಢಿ. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಈ ಮಿತಿಗಳನ್ನು ಇನ್ನಷ್ಟು ತಗ್ಗಿಸಿದೆ. ಆದರೆ ವಿಮೆಯ ನಿಯಮ ಬೇರೆ: ಸಾಮಾನ್ಯವಾಗಿ 40, ಅಥವಾ ತೀವ್ರ ರೋಗಗಳಿದ್ದಲ್ಲಿ 35 ಇರಬೇಕು. ಆದ್ದರಿಂದ ಪಾಲಿಸಿಯ ಷರತ್ತುಗಳನ್ನು ಮೊದಲೇ ಓದಿಸಿಕೊಳ್ಳಿರಿ.

ಹೆಚ್ಚು ಬಳಕೆಯಲ್ಲಿರುವ ವಿಧಾನಗಳು ಎರಡು. ‘ಸ್ಲೀವ್’ ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದು, ಉಳಿದುದನ್ನು ಬಾಳೆಹಣ್ಣಿನಾಕಾರದ ಕೊಳವೆಯಾಗಿಸುತ್ತಾರೆ. ತೆಗೆದ ಭಾಗ ಮರಳಿ ಬಾರದು. ‘ಬೈಪಾಸ್’ ವಿಧಾನದಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಪುಟ್ಟ ಚೀಲವನ್ನು ಜಠರದಿಂದ ಬೇರ್ಪಡಿಸಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಎರಡರಲ್ಲಿಯೂ ಹಿಡಿಸುವ ಆಹಾರ ತಗ್ಗುವುದರ ಜೊತೆಗೆ ಹಸಿವಿನ ಹಾರ್ಮೋನುಗಳೂ ಬದಲಾಗುತ್ತವೆ. ತೀವ್ರ ಎದೆಯುರಿ ಉಳ್ಳವರಿಗೆ ಸ್ಲೀವ್ ವಿಧಾನದಿಂದ ಅದು ಹೆಚ್ಚಬಹುದಾದುದರಿಂದ ಆ ತೊಂದರೆಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಶಸ್ತ್ರಚಿಕಿತ್ಸೆಗೆ ಮುನ್ನ

ರಕ್ತ, ಸಕ್ಕರೆ, ಥೈರಾಯ್ಡ್, ಹೃದಯ, ಉದರದ ಸ್ಕ್ಯಾನ್, ಎಂಡೋಸ್ಕೋಪಿ ಮೊದಲಾದ ಪರೀಕ್ಷೆಗಳು ನಡೆಯುತ್ತವೆ. ಆಹಾರತಜ್ಞರೂ ಮನೋವೈದ್ಯರೂ ಮಾತನಾಡಿಸುತ್ತಾರೆ. ಬೇಸರ, ಒಂಟಿತನಗಳಿಗೆ ಆಹಾರವನ್ನೇ ಸಾಂತ್ವನವಾಗಿಸಿಕೊಂಡವರು ಅದನ್ನು ಸಂಕೋಚವಿಲ್ಲದೆ ಹೇಳಿಕೊಳ್ಳಬೇಕು. ಶಸ್ತ್ರ ಜಠರವನ್ನು ಕಿರಿದಾಗಿಸಬಲ್ಲುದು, ಮನಸ್ಸಿನ ಹಸಿವನ್ನು ತಣಿಸಲಾರದು.

ಬಹುಪಾಲು ಆಸ್ಪತ್ರೆಗಳಲ್ಲಿ ಮುಂಚಿನ ಎರಡು ವಾರ ಅಲ್ಪ ಶಕ್ತಿಯ, ಹೆಚ್ಚು ಪ್ರೋಟೀನಿನ ಆಹಾರವನ್ನು ನಿಯಮಿಸುತ್ತಾರೆ. ಇದರಿಂದ ಕೊಬ್ಬು ತುಂಬಿ ಹಿಗ್ಗಿದ ಯಕೃತ್ತು ಕುಗ್ಗಿ, ಅದರ ಕೆಳಗಿರುವ ಜಠರವನ್ನು ತಲುಪುವುದು ಸುಲಭವಾಗುತ್ತದೆ. ‘ಇನ್ನು ಮುಂದೆ ತಿನ್ನಲಾಗದು’ ಎಂದು ಈ ದಿನಗಳಲ್ಲಿಯೇ ಭೂರಿಭೋಜನ ಮಾಡುವುದು ಅಪಾಯಕರ. ಬೀಡಿ, ಸಿಗರೇಟು, ತಂಬಾಕುಗಳನ್ನು ವಾರಗಳ ಮುಂಚೆಯೇ ಬಿಡಬೇಕು.

ಸೇವಿಸುತ್ತಿರುವ ಎಲ್ಲ ಔಷಧಗಳನ್ನೂ ಶಸ್ತ್ರವೈದ್ಯರಿಗೆ ತಿಳಿಸಿರಿ. ಕಷಾಯ, ಚೂರ್ಣ, ಗುಗ್ಗುಲು, ಆಸವ, ಅರಿಷ್ಟಗಳೂ ಔಷಧಗಳೇ. ಕೆಲವು ಮೂಲಿಕೆಗಳು ರಕ್ತ ಹೆಪ್ಪುಗಟ್ಟುವುದರ ಮೇಲೂ ಅರಿವಳಿಕೆಯ ಮೇಲೂ ಪರಿಣಾಮ ಬೀರಬಲ್ಲವು.

ನಮ್ಮ ಭಕ್ತರನ್ನು ಕಾಡುವ ಇನ್ನೊಂದು ಚಿಂತೆ ಇಷ್ಟಲಿಂಗದ್ದು. ಶಸ್ತ್ರಚಿಕಿತ್ಸೆಯಲ್ಲಿ ವಿದ್ಯುತ್ ಉಪಕರಣಗಳನ್ನು ಬಳಸುವುದರಿಂದ ಬೆಳ್ಳಿಯ ಕರಡಿಗೆಯನ್ನು ಮೈಮೇಲೆ ಇರಿಸಿಕೊಳ್ಳಲಾಗದು. ಈ ವಿಷಯವನ್ನು ಹಿಂದಿನ ದಿನವೇ ವೈದ್ಯರೊಡನೆ ಮಾತನಾಡಿ, ಮನೆಯವರೊಬ್ಬರ ವಶದಲ್ಲಿ ಇರಿಸುವ ಏರ್ಪಾಡು ಮಾಡಿಕೊಂಡರೆ ಕೊನೆಯ ಕ್ಷಣದ ತಳಮಳ ತಪ್ಪುತ್ತದೆ. ಅಂದು ಬೆಳಿಗ್ಗೆ ಪಾದೋದಕವನ್ನು ಕೂಡ ಅರಿವಳಿಕೆ ತಜ್ಞರನ್ನು ಕೇಳದೆ ಸ್ವೀಕರಿಸಬಾರದು. ಜಠರದಲ್ಲಿರುವುದು ಶ್ವಾಸಕೋಶಕ್ಕೆ ಸೇರಿದರೆ ಪ್ರಾಣಕ್ಕೇ ಕುತ್ತು.

ಮೊದಲ ವಾರಗಳು

ಅದೇ ದಿನ ಅಥವಾ ಮರುದಿನವೇ ಎಬ್ಬಿಸಿ ನಡೆಸುತ್ತಾರೆ. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟದಿರಲು ಇದು ಅಗತ್ಯ. ಆಹಾರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ: ಮೊದಲು ಗುಟುಕು ನೀರು, ಬಳಿಕ ಸುಮಾರು ಎರಡು ವಾರ ದ್ರವಾಹಾರ, ಅನಂತರ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನದು, ಆರೆಂಟು ವಾರಗಳ ಬಳಿಕ ಸಾಮಾನ್ಯ ಆಹಾರ. ಪಂಚಕರ್ಮದ ಶೋಧನದ ನಂತರ ಪೇಯ, ವಿಲೇಪಿ, ಯೂಷ ಎಂದು ಏರಿಸುವ ಸಂಸರ್ಜನ ಕ್ರಮವನ್ನು ಬಲ್ಲವರಿಗೆ ಇದು ಹೊಸತೆನಿಸದು. ತತ್ತ್ವ ಒಂದೇ ಆದರೂ ಪ್ರಮಾಣವನ್ನೂ ದಿನಗಳನ್ನೂ ಶಸ್ತ್ರವೈದ್ಯರೇ ನಿರ್ಧರಿಸಬೇಕು.

ಜ್ವರ, ಎದೆಬಡಿತದ ತೀವ್ರತೆ, ಹೆಚ್ಚುವ ಹೊಟ್ಟೆನೋವು, ಉಸಿರಾಟದ ತೊಂದರೆ, ಒಂದು ಕಾಲಿನ ಊತ, ನಿಲ್ಲದ ವಾಂತಿ ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದು ಮಾಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಹೊಲಿಗೆಯಿಂದ ಸೋರಿಕೆಯಾಗುವುದು ಅಪರೂಪ. ಆದರೆ ತಡಮಾಡಿದರೆ ಮಾರಕ. ಮಧುಮೇಹಿಗಳ ಸಕ್ಕರೆ ಬೇಗನೆ ತಗ್ಗುವುದರಿಂದ ಔಷಧದ ಪ್ರಮಾಣವನ್ನು ವೈದ್ಯರು ಕಡಿಮೆ ಮಾಡುತ್ತಾರೆ. ಹಳೆಯ ಪ್ರಮಾಣವನ್ನೇ ಮುಂದುವರಿಸಬಾರದು. ಭಾರ ಎತ್ತುವುದು, ದೀರ್ಘದಂಡ ನಮಸ್ಕಾರ ಇವುಗಳನ್ನು ವೈದ್ಯರು ಅನುಮತಿಸುವವರೆಗೆ ಬಿಟ್ಟಿರಿ. ಕೈಮುಗಿದರೂ ಭಕ್ತಿಗೆ ಕೊರತೆಯಾಗದು.

ಜೀವನಪರ್ಯಂತದ ನಿಯಮಗಳು

ಮೊದಲ ಒಂದು-ಒಂದೂವರೆ ವರ್ಷದಲ್ಲಿ ತೂಕ ವೇಗವಾಗಿ ಇಳಿಯುತ್ತದೆ. ಹೆಚ್ಚುವರಿ ತೂಕದ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಕಳೆಯುವುದು ಸಾಮಾನ್ಯ. ಈ ನಡುವೆ ಮೂರರಿಂದ ಆರು ತಿಂಗಳಲ್ಲಿ ಕೂದಲು ಉದುರಿ ಮತ್ತೆ ಬೆಳೆಯಬಹುದು, ಚರ್ಮ ಜೋತುಬೀಳಬಹುದು, ಪಿತ್ತಕೋಶದಲ್ಲಿ ಕಲ್ಲುಗಳಾಗಬಹುದು. ಸ್ತ್ರೀಯರು ಮೊದಲ 12ರಿಂದ 18 ತಿಂಗಳು ಗರ್ಭಧಾರಣೆಯನ್ನು ಮುಂದೂಡಬೇಕು.

ಸಸ್ಯಾಹಾರಿಗಳಾದ ನಮಗೆ ದೊಡ್ಡ ಸವಾಲು ಪ್ರೋಟೀನು. ದಿನಕ್ಕೆ ಕನಿಷ್ಠ 60 ಗ್ರಾಂ ಬೇಕು, 200 ಮಿ.ಲೀ. ಹಾಲಿನಲ್ಲಿರುವುದು ಆರೇಳು ಗ್ರಾಂ ಮಾತ್ರ. ಆದ್ದರಿಂದ ಬೇಳೆ, ಮೊಳಕೆಕಾಳು, ಮೊಸರು, ಪನೀರು, ಸೋಯಾಗಳನ್ನು ಮೊದಲು ಉಂಡು, ರೊಟ್ಟಿ-ಅನ್ನಗಳನ್ನು ನಂತರ ತೆಗೆದುಕೊಳ್ಳಬೇಕು. ಅಗತ್ಯವಿದ್ದರೆ ವೈದ್ಯರು ಪ್ರೋಟೀನ್ ಪುಡಿ ಸೂಚಿಸುತ್ತಾರೆ. ಪ್ರತಿ ತುತ್ತನ್ನೂ ಚೆನ್ನಾಗಿ ಅಗಿಯಬೇಕು. ಮುದ್ದೆಯನ್ನು ನುಂಗುವ ರೂಢಿಯನ್ನು ಬಿಡಲೇಬೇಕು. ಊಟದ ಜೊತೆ ನೀರು ಕುಡಿಯದೆ ಅರ್ಧ ಗಂಟೆಯ ನಂತರ ಕುಡಿಯಬೇಕು. ಬೈಪಾಸ್ ಆದವರು ಹೋಳಿಗೆ, ಪಾಯಸ ಉಂಡರೆ ಎದೆ ಹೊಡೆದುಕೊಂಡು, ಬೆವರಿ, ತಲೆಸುತ್ತಿ, ಭೇದಿಯಾಗಬಹುದು. ಅವರು ಕೀಲುನೋವಿನ ಮಾತ್ರೆಗಳನ್ನು ತಾವಾಗಿಯೇ ನುಂಗಿದರೆ ಹುಣ್ಣಾಗುವ ಭಯವೂ ಉಂಟು. ಮದ್ಯವು ಬೇಗನೆ ರಕ್ತಕ್ಕೆ ಸೇರುವುದರಿಂದ ಅದು ಸರ್ವಥಾ ವರ್ಜ್ಯ. ಆಸವ, ಅರಿಷ್ಟಗಳಲ್ಲಿಯೂ ಸ್ವಯಂಜನ್ಯ ಮದ್ಯಾಂಶವಿರುವುದರಿಂದ ಸಲಹೆಯಿಲ್ಲದೆ ಸೇವಿಸಬಾರದು.

ಎಲ್ಲಕ್ಕಿಂತ ಹೆಚ್ಚಾಗಿ ಜನ ಮರೆಯುವುದು ವಿಟಮಿನ್ ಮಾತ್ರೆಗಳನ್ನು. ಬೈಪಾಸ್ ಆಗಿ ಎರಡು ವರ್ಷ ಕಳೆದಿದ್ದ ಒಬ್ಬ ತಾಯಿ ‘ವಾಯು’ ಎಂದು ತಿಳಿದು, ಪಾದಗಳ ಜೋಮಿಗೆ ತೈಲ ಕೇಳಲು ನನ್ನಲ್ಲಿಗೆ ಬಂದಿದ್ದರು. ಮೈ ಹಗುರಾಯಿತೆಂದು ಮಾತ್ರೆಗಳನ್ನೆಲ್ಲ ನಿಲ್ಲಿಸಿದ್ದರು. ರಕ್ತಪರೀಕ್ಷೆಯಲ್ಲಿ ಬಿ-12 ತೀರ ಕಡಿಮೆ ಇತ್ತು. ತೈಲ ಕೊಡದೆ, ಶಸ್ತ್ರವೈದ್ಯರಲ್ಲಿಗೇ ಮರಳಿ ಕಳಿಸಿದೆ. ಅಲ್ಲಿನ ಚುಚ್ಚುಮದ್ದುಗಳಿಂದ ಜೋಮು ನಿಧಾನವಾಗಿ ಇಳಿಯಿತು. ಸಕಾಲದಲ್ಲಿ ಪತ್ತೆಯಾಗದಿದ್ದರೆ ನರಗಳ ಹಾನಿ ಶಾಶ್ವತವಾಗಬಹುದು. ಬಿ-12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವಗಳಿಗೆ ಯಾವ ಕಷಾಯವೂ ಬದಲಿಯಲ್ಲ. ಜೀವನಪೂರ್ತಿ ವರ್ಷಕ್ಕೊಮ್ಮೆಯಾದರೂ ರಕ್ತಪರೀಕ್ಷೆ ಆಗಲೇಬೇಕು.

ಮನೆಯವರ, ಬಂಧುಗಳ ಪಾತ್ರ

ಮದುವೆ, ಜಾತ್ರೆಗಳಲ್ಲಿ ‘ಇನ್ನೊಂದು ಹೋಳಿಗೆ’ ಎಂದು ಒತ್ತಾಯಿಸುವುದು ನಮ್ಮಲ್ಲಿ ಪ್ರೀತಿಯ ಕುರುಹು. ಈ ಚಿಕಿತ್ಸೆಯಾದವರಿಗೆ ಆ ಪ್ರೀತಿಯೇ ಪೀಡೆ. ದಾಸೋಹದ ಪಂಕ್ತಿಯಲ್ಲಿ ಪ್ರಸಾದ ಬಿಡಬಾರದೆಂಬ ಅಳುಕಿನಿಂದ ಬಲವಂತವಾಗಿ ಉಂಡು ವಾಂತಿ ಮಾಡಿಕೊಳ್ಳುವವರಿದ್ದಾರೆ. ಆ ಅಂಜಿಕೆಗೇ ಮಠಕ್ಕೆ ಬರುವುದನ್ನು ಬಿಡುವವರೂ ಇದ್ದಾರೆ. ಪ್ರಸಾದಕ್ಕೆ ಅಳತೆಯಿಲ್ಲ, ಒಂದು ಚಮಚವೂ ಪ್ರಸಾದವೇ. ‘ಸ್ವಲ್ಪವೇ ನೀಡಿರಿ’ ಎಂದು ಮೊದಲೇ ಕೇಳಿಕೊಂಡರೆ ಕೆಡಿಸಿದ ದೋಷವೂ ಇಲ್ಲ, ದೇಹಕ್ಕೆ ಹಿಂಸೆಯೂ ಇಲ್ಲ. ಶಿವರಾತ್ರಿಯ ಉಪವಾಸವನ್ನೂ ಮೊದಲ ವರ್ಷ ವೈದ್ಯರ ಒಪ್ಪಿಗೆಯಿಲ್ಲದೆ ಕೈಗೊಳ್ಳಬಾರದು. ಬಡಿಸುವವರು ಕೇಳಿದಷ್ಟನ್ನೇ ನೀಡಿ, ಕಾರಣ ಕೇಳದೆ ಮುಂದೆ ಸಾಗಿದರೆ ಅದೂ ಒಂದು ದಾಸೋಹ.