ರಾಗಿಯ ಕಬ್ಬಿಣಾಂಶ ಮೈಗೆ ಹತ್ತಬೇಕಾದರೆ

ಬೆಂಗಳೂರು ಜಯನಗರದ ರಾಗಿಗುಡ್ಡವು ರಾಗಿಯ ರಾಶಿಯೇ ಕಲ್ಲಾಗಿ ಆದುದೆಂಬ ಐತಿಹ್ಯವಿದೆ. ಬನಶಂಕರಿ, ಜೆ.ಪಿ. ನಗರಗಳ ಸುತ್ತಿನ ಹೊಲಗಳು ಬಡಾವಣೆಗಳಾದರೂ ಆ ಕಡೆ ಮುದ್ದೆಯ ಊಟ ನಿಂತಿಲ್ಲ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರ ಪೈಕಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಇದಕ್ಕೆ ಕಾರಣಗಳು ಹಲವು. ಉಂಡ ಕಬ್ಬಿಣಾಂಶ ಮೈಗೆ ಹತ್ತದಿರುವುದು ಅವುಗಳಲ್ಲೊಂದು.

100 ಗ್ರಾಂ ರಾಗಿಯಲ್ಲಿ ಸುಮಾರು 4.6 ಮಿಲಿಗ್ರಾಂ ಕಬ್ಬಿಣ, 364 ಮಿಲಿಗ್ರಾಂ ಸುಣ್ಣ ಹಾಗೂ 11 ಗ್ರಾಂ ನಾರು ಇರುತ್ತವೆ. ಧಾನ್ಯದಲ್ಲಿನ ಕಬ್ಬಿಣದ ಪೈಕಿ ಕರುಳು ಹೀರಿಕೊಳ್ಳುವುದು ಸಾಮಾನ್ಯವಾಗಿ ಶೇ. 10ನ್ನೂ ಮೀರದು. ಇದಕ್ಕೆ ನಾರನ್ನೇ ದೂರುವುದು ವಾಡಿಕೆ. ಆದರೆ ಮುಖ್ಯ ತೊಡಕು ನಾರಿನೊಡನೆ ಇರುವ ಫೈಟಿಕ್ ಆಮ್ಲದ್ದು. ಬೀಜವು ಮೊಳೆಯುವಾಗ ಬೇಕಾಗುವ ರಂಜಕವನ್ನು ಈ ರೂಪದಲ್ಲಿ ಕೂಡಿಟ್ಟುಕೊಂಡಿರುತ್ತದೆ. ಇದು ಕಬ್ಬಿಣವನ್ನು ಹಿಡಿದು ಕರಗದಂತೆ ಮಾಡುತ್ತದೆ. ಸುಣ್ಣದಂಶ ಹೆಚ್ಚಿದ್ದರೆ ಹಿಡಿತ ಇನ್ನೂ ಬಿಗಿಯಾಗುತ್ತದೆ. ಕೆಂಪು ರಾಗಿಯ ತೊಗಟೆಯಲ್ಲಿನ ಟ್ಯಾನಿನ್ ಎಂಬ ಒಗರು ವಸ್ತುವೂ ಇದೇ ಕೆಲಸ ಮಾಡುತ್ತದೆ. ಬಿಳಿ ರಾಗಿಯಲ್ಲಿ ಈ ಒಗರು ಕಡಿಮೆ. ಹಾಗೆಂದು ಕೆಂಪು ರಾಗಿಯನ್ನು ಕೈಬಿಡಿ ಎಂದು ನಾನು ಹೇಳಲಾರೆ. ಕಾಳಿಗೆ ಬೂಷ್ಟು ಹಿಡಿಯದಂತೆ ತಡೆಯುವುದೂ ಅದೇ ಒಗರು.

ಮೊಳಕೆ ಕಟ್ಟುವುದು ಒಳ್ಳೆಯ ಉಪಾಯ. ರಾಗಿ ಮೊಳೆಯತೊಡಗಿದಾಗ ಕಾಳಿನೊಳಗಿನ ಕಿಣ್ವವು ಫೈಟಿಕ್ ಆಮ್ಲವನ್ನು ಒಡೆಯುತ್ತದೆ. ರಾಗಿಯನ್ನು ತೊಳೆದು ರಾತ್ರಿಯಿಡೀ ನೆನೆಹಾಕಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಒಂದೂವರೆಯಿಂದ ಎರಡು ದಿನ ಕಟ್ಟಿಡಬೇಕು. ಬಳಿಕ ಒಣಗಿಸಿ, ಕೈಯಲ್ಲಿ ಉಜ್ಜಿ ಮೊಳಕೆ ಕೇರಿ, ಹದವಾಗಿ ಹುರಿದು ಬೀಸಿಕೊಳ್ಳಬೇಕು. ಔಷಧಿ ಲೇಪಿಸಿದ ಬಿತ್ತನೆ ಬೀಜವನ್ನು ಇದಕ್ಕೆ ಎಂದಿಗೂ ಬಳಸಕೂಡದು. ಈ ಹಿಟ್ಟು ಬೇಯಿಸಿದಾಗ ನೀರಾಗುವುದರಿಂದ ಮುದ್ದೆ ಕಟ್ಟಲು ಬಾರದು. ಗಂಜಿಗೆ, ಮಕ್ಕಳ ಸರಿಗೆ ಬಲು ಚೆನ್ನು.

ಮುದ್ದೆಯ ಊಟಕ್ಕಾದರೆ, ಸಾರನ್ನು ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿರಿ. ಕುದಿಸಿದರೆ ಅದರಲ್ಲಿನ ಸಿ ಜೀವಸತ್ವ ನಷ್ಟವಾಗುತ್ತದೆ. ಹಸಿ ನೆಲ್ಲಿಕಾಯಿ, ಸೀಬೆಹಣ್ಣುಗಳೂ ಆದೀತು. ಊಟದ ಬೆನ್ನಿಗೇ ಕಾಫಿ, ಟೀ ಕುಡಿಯುವ ಅಭ್ಯಾಸ ಮಾತ್ರ ಬೇಡ, ಕನಿಷ್ಠ ಒಂದು ಗಂಟೆ ತಡೆಯಿರಿ. ಬೆಂಗಳೂರಿನವರಿಗೆ ಇದೇ ಕಷ್ಟದ ಮಾತು!

ಗರ್ಭಿಣಿಯರು ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಗಳನ್ನು ರಾಗಿ ಉಣ್ಣುತ್ತೇವೆಂದು ನಿಲ್ಲಿಸಬಾರದು. ಸುಣ್ಣದ ಮಾತ್ರೆಯನ್ನೂ ಕೊಟ್ಟಿದ್ದರೆ, ಎರಡನ್ನೂ ಒಟ್ಟಿಗೆ ನುಂಗದೆ ನಡುವೆ ಎರಡು ಗಂಟೆ ಬಿಡಬೇಕು.